ಗ್ವಾಮಾ ಗುಡ್ಡದ ಗಡಿಯಾರಗಳು

ಮಂಗಳವಾರ ಸಂಜೆ ಐದೂ ನಲವತ್ತಕ್ಕೆ ಪಿಯೆದ್ರಾಲೆಸ್ ಠಾಣೆಗೆ ದೂರು ಬಂತು. ತಂದವರು ಇಬ್ಬರು. ಒಬ್ಬ ವಿದ್ಯುತ್ ಕಂಪನಿಯ ಲೈನ್ ಮೇಸ್ತ್ರಿ ಲಿಸಾಂದ್ರೊ, ಅಂಗಿಯ ತೋಳೆಲ್ಲ ಮಸಿ. ಇನ್ನೊಬ್ಬ ಕಂಪನಿಯ ವಕೀಲ, ಇಸ್ತ್ರಿ ಮಡಿಕೆ ಕೂಡ ಕೆಟ್ಟಿರಲಿಲ್ಲ. ಮಾತಾಡಿದ್ದೆಲ್ಲ ವಕೀಲನೇ. ಶನಿವಾರ ಬೆಳಿಗ್ಗೆ ಆರೂ ಹತ್ತಕ್ಕೆ ಇಡೀ ಸೀಮೆಯ ಕರೆಂಟು ಹೋಗಿತ್ತು. ಮಂಗಳವಾರ ಎರಡು ಗಂಟೆಗೆ ಲೈನ್‌ಮ್ಯಾನ್‌ಗಳ ತಂಡ ಗ್ವಾಮಾ ಗುಡ್ಡಕ್ಕೆ ರಿಪೇರಿಗೆ ಹೋಗಿತ್ತು. ಮೂರೂ ಇಪ್ಪತ್ತಕ್ಕೆ, ಸತ್ತಿರಬೇಕಿದ್ದ ತಂತಿಯಲ್ಲಿ ಕರೆಂಟು ಹರಿದು ಯಾಮಿಲ್ ಒಕೆಂದೊ ಎಂಬ ಲೈನ್‌ಮ್ಯಾನ್ ಕಂಬದ ಮೇಲೆಯೇ ಪ್ರಜ್ಞೆ ತಪ್ಪಿದ. ಜೀವ ಉಳಿದಿದೆ, ಬಲಗೈ ಉಳಿಯುವುದು ಅನುಮಾನ.

ಇನ್‌ಸ್ಪೆಕ್ಟರ್ ಇದಾಲಿಯಾ ಕೆಸಾದಾ ಎಫ್‌ಐಆರ್ ದಾಖಲಿಸಿಕೊಂಡಳು. ವಕೀಲ ಇನ್ನೊಂದು ಕಾಗದವನ್ನೂ ಮೇಜಿನ ಮೇಲಿಟ್ಟ. ಗುರುವಾರ ಸಂಜೆಯೊಳಗೆ ಅಪರಾಧಿ ಸಿಗದಿದ್ದರೆ ಗುಡ್ಡದ ಮನೆಮನೆಯ ಸೋಲಾರ್ ಪ್ಯಾನೆಲ್ಲಿಗೂ ಕಂಪನಿ ಬೀಗಮುದ್ರೆ ಹಾಕುವುದಾಗಿ ಅದರಲ್ಲಿತ್ತು. ಚಂಡಮಾರುತ ಬಂದ ವರ್ಷ ಹನ್ನೊಂದು ತಿಂಗಳು ಆ ಗುಡ್ಡವನ್ನು ಕತ್ತಲಲ್ಲಿ ಕೂರಿಸಿದ್ದ ಕಂಪನಿ ಇದು. ಜನ ತಾವೇ ಮಾಡಿಕೊಂಡ ಬೆಳಕನ್ನು ಕಿತ್ತುಕೊಳ್ಳಲು ಮಾತ್ರ ಅದಕ್ಕೆ ಎರಡು ದಿನ ಸಾಕಿತ್ತು. ನಮ್ಮ ಪೋರ್ಟೊ ರಿಕೊದಲ್ಲಿ ಯಾವ ಕೆಲಸ ಬೇಗ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಂದು ಸಂಜೆಯೇ ಇದಾಲಿಯಾ ಆಸ್ಪತ್ರೆಗೆ ಹೋದಳು. ಯಾಮಿಲ್‌ನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದರು.

"ಹತ್ತೋಕೆ ಮುಂಚೆ ಟೆಸ್ಟ್ ಮಾಡಿದ್ಯಾ?"

"ಮಾಡ್ದೆ ಮೇಡಂ. ಒಂದ್ಸಲ ಅಲ್ಲ, ಎರಡು ಸಲ. ಲೈನ್ ಸತ್ತಿತ್ತು."

"ಅರ್ಥಿಂಗ್ ಕ್ಲಾಂಪ್?"

ಉತ್ತರ ಕೊಟ್ಟಿದ್ದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಲಿಸಾಂದ್ರೊ. ತಂತಿಯನ್ನು ನೆಲಕ್ಕೆ ಜೋಡಿಸುವ ಕ್ಲಾಂಪು ಮೂರು ಲಾರಿಗೆ ಒಂದೇ ಜೊತೆ ಇತ್ತು, ಅದು ಅಂದು ಬೇರೆ ಗುಡ್ಡಕ್ಕೆ ಹೋಗಿತ್ತು. ಅದಿದ್ದಿದ್ದರೆ ಈ ಹುಡುಗ ಈಗ ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದ. ವಕೀಲ ದೂರಿನಲ್ಲಿ ಇದನ್ನು ಬರೆದಿರಲಿಲ್ಲ. ಇದಾಲಿಯಾ ಬರೆದುಕೊಂಡಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗುಡ್ಡದಲ್ಲಿ ಪಂಚನಾಮೆ ಶುರುವಾಯಿತು. ಜೊತೆಗೆ ಕಾನ್‌ಸ್ಟೆಬಲ್ ನಾಜಾರಿಯೊ ಇದ್ದ, ಕಂಪನಿಯ ಕಡೆಯಿಂದ ಯಾರಿಬೆಲ್ ಎಂಬ ಎಂಜಿನಿಯರ್ ಬಂದಿದ್ದಳು. ಗುಡ್ಡದ ಬುಡದ ಕಂಬದಲ್ಲಿ ಫ್ಯೂಸು ಬಿಚ್ಚಿ ಜೋತಾಡುತ್ತಿತ್ತು. ಯಾರೋ ಗಳುವಿನಿಂದ ಎಳೆದು ಗುಡ್ಡವನ್ನು ಮೇನ್ ಲೈನಿನಿಂದ ಬೇರೆ ಮಾಡಿದ್ದರು. ಹೀಗೆ ಬೇರೆಯಾದ ತುಂಡಿನಲ್ಲಿ ಕರೆಂಟು ಉಳಿದುಬಿಟ್ಟರೆ ಅದನ್ನು ನಮ್ಮ ಭಾಷೆಯಲ್ಲಿ ದ್ವೀಪ ಅಂತೀವಿ ಎಂದು ಯಾರಿಬೆಲ್ ವಿವರಿಸಿದಳು. ಮೇನ್ ಲೈನು ಹೋದ ಎರಡು ಸೆಕೆಂಡಿನೊಳಗೆ ಚಾವಣಿಯ ಇನ್ವರ್ಟರುಗಳು ಅದನ್ನು ಪತ್ತೆಹಚ್ಚಿ, ಬೀದಿಗೆ ಕರೆಂಟು ಬಿಡುವುದನ್ನು ನಿಲ್ಲಿಸಲೇಬೇಕು. ಇಲ್ಲಿ ನಿಲ್ಲಿಸಿಲ್ಲ ಎಂದರೆ, ಯಾರೋ ದೊಡ್ಡ ಬ್ಯಾಟರಿ ಇಟ್ಟು ತಂತಿಗೆ ಸ್ಥಿರವಾದ ಕರೆಂಟು ಕೊಟ್ಟಿದ್ದಾರೆ, ಇನ್ವರ್ಟರುಗಳು ಅದನ್ನೇ ಮೇನ್ ಲೈನೆಂದು ನಂಬಿವೆ.

ಆಮೇಲೆ ವಿಚಾರಣೆ. ಗುಡ್ಡದವರ ಬಾಯಿ ಬಿಡಿಸುವುದು ಸುಲಭದ ಕೆಲಸವಲ್ಲ. ಮೂರು ದಿನ ಬೀದಿಯಲ್ಲಿ ಕರೆಂಟಿತ್ತೇ ಎಂದು ಕೇಳಿದರೆ ಒಬ್ಬಳು ನಮ್ಮಲ್ಲಿ ಮಿಂಚುಹುಳ ಜಾಸ್ತಿ ಎಂದಳು. ಇನ್ನೊಬ್ಬ, ಕರೆಂಟು ಅಂದರೆ ಏನು ಸ್ವಾಮಿ, ಪೇಟೆಯಲ್ಲಿ ಸಿಗುತ್ತಂತಲ್ಲ, ಅದೇನಾ ಎಂದ. ಪ್ಯಾನೆಲ್ಲೇ ಇಲ್ಲದ ಮನೆಯ ಮುದುಕ ಚೆಲೊ ಮಾತ್ರ ಉಪಚಾರ ಮಾಡಲು ಹೋಗಿ ಸಿಕ್ಕಿಬಿದ್ದ. ಬಿಸಿಲಲ್ಲಿ ಬೆವರುತ್ತಿದ್ದ ನಾಜಾರಿಯೊನ ಕೈಗೆ ಮಾಲ್ಟಾ ಎಂಬ ಸಿಹಿ ಪಾನೀಯದ ಒಂದು ಬಾಟಲಿ ಕೊಟ್ಟ.

"ಇನ್ನೂ ತಣ್ಣಗಿದೆಯಲ್ಲ ಅಜ್ಜ," ಎಂದ ನಾಜಾರಿಯೊ.

ಚೆಲೊ ಗುಡ್ಡದ ನೆತ್ತಿಯತ್ತ ಕೈ ತೋರಿಸಿದ. "ನಮ್ಮದು ಎತ್ತರದ ಗುಡ್ಡ ಕಣಪ್ಪ, ಗಾಳಿ ಚೆನ್ನಾಗಿ ಬರುತ್ತೆ."

ಇದಾಲಿಯಾ ಅವನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಗುಂಡನೆಯ ಹಸಿರು ಗಡಿಯಾರವಿತ್ತು. ಅಂಥದ್ದು ಗುಡ್ಡದ ಎಲ್ಲ ಮನೆಯಲ್ಲೂ ಇದೆ. ಚಂಡಮಾರುತದ ನಂತರ ಯಾವುದೋ ದತ್ತಿ ಸಂಸ್ಥೆಯ ಪುಣ್ಯಾತ್ಮರು ಕರೆಂಟೇ ಇಲ್ಲದ ಗುಡ್ಡಕ್ಕೆ ಬಂದು ಕರೆಂಟಿನ ಗಡಿಯಾರ ಹಂಚಿ ಫೋಟೋ ತೆಗೆಸಿಕೊಂಡು ಹೋಗಿದ್ದರು. ಗುಡ್ಡದವರು ಅವನ್ನು ಎಸೆಯಲಿಲ್ಲ. ನಿಂತ ಮುಳ್ಳಿನ ಸಮೇತ ಹಟಕ್ಕೆ ಗೋಡೆಗೆ ತೂಗುಹಾಕಿದರು. ಮೊದಲ ಪ್ಯಾನೆಲ್ ಬಂದು ಮೊದಲ ಮುಳ್ಳು ತಿರುಗಿದ ದಿನ ಹಂದಿ ಸುಟ್ಟು ಊಟ ಹಾಕಿದ್ದರು. ಅಂದಿನಿಂದ ಗುಡ್ಡ ಎದ್ದು ಕೂರುವುದೆಲ್ಲ ಆ ಗಡಿಯಾರದ ಪ್ರಕಾರ. ಫೋನನ್ನಂತೂ ಟವರ್ ಸತ್ತ ಶನಿವಾರದಿಂದ ಯಾರೂ ಮುಟ್ಟಿರಲಿಲ್ಲ.

ಪೇಟೆಯಲ್ಲಿ ಇದಾಲಿಯಾಳ ಮನೆಯ ಕರೆಂಟಿನ ಗಡಿಯಾರ ಆರೂ ಹತ್ತಕ್ಕೆ ನಿಂತಿತ್ತು. ಚೆಲೊನದು ನಿಂತದ್ದು ಎರಡಕ್ಕೆ. ಪಕ್ಕದ ಮನೆಯದೂ ಎರಡಕ್ಕೆ. ಪ್ಯಾನೆಲ್ಲಿಲ್ಲದ ಹನ್ನೆರಡು ಮನೆಗೂ ನೀರು ಕೇಳುವ ನೆಪದಲ್ಲಿ ಹೋಗಿ ಬಂದಳು. ಎಲ್ಲ ಕಡೆಯೂ ಎರಡು.

ರಿಪೇರಿ ಎರಡರಿಂದ ನಾಲ್ಕರವರೆಗೆ ಎಂದು ಮಂಗಳವಾರ ಬೆಳಿಗ್ಗೆ ರೇಡಿಯೊದಲ್ಲಿ ಹೇಳಿದ್ದರು. ಅಂದರೆ ಬೀದಿಗೆ ಕರೆಂಟು ಬಿಟ್ಟಿದ್ದವರು ಅದನ್ನು ಕೇಳಿ, ಎರಡಕ್ಕೆ ಸರಿಯಾಗಿ ನಿಲ್ಲಿಸಿದ್ದಾರೆ. ಹಾಗಾದರೆ ಕಂಬದ ಮೇಲೆ ಮನುಷ್ಯನಿದ್ದಾನೆಂದು ಗೊತ್ತಿದ್ದೇ ಮೂರೂ ಇಪ್ಪತ್ತಕ್ಕೆ ಮತ್ತೆ ಬಿಟ್ಟಿದ್ದಾರೆ. ಯಾಮಿಲ್‌ಗೆ ತಗುಲಿದೊಡನೆ ಬೀದಿಯ ಲೈನು ತಾನಾಗಿಯೇ ಟ್ರಿಪ್ ಆಗಿದ್ದರಿಂದ ಮುಳ್ಳುಗಳು ಎರಡರಲ್ಲೇ ಉಳಿದಿವೆ.

"ಇದು ಬೇಕಂತಲೇ ಮಾಡಿದ್ದು ಮೇಡಂ," ಎಂದ ನಾಜಾರಿಯೊ. ವೈರ್‌ಲೆಸ್ಸಿನಲ್ಲಿ ವಿಷಯ ಕೇಳಿದ ಸರ್ಕಾರಿ ಪ್ರಾಸಿಕ್ಯೂಟರೂ ಅದನ್ನೇ ಹೇಳಿದ. ಕೊಲೆಯತ್ನ ಎಂದು ಸೆಕ್ಷನ್ ಬದಲಿಸಲು ಸೂಚಿಸಿದ. ಇದಾಲಿಯಾಳಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊಲ್ಲುವವರು ಎರಡಕ್ಕೆ ಅಷ್ಟು ಕಾಳಜಿಯಿಂದ ಯಾಕೆ ನಿಲ್ಲಿಸುತ್ತಾರೆ?

ಅಷ್ಟು ಮನೆಗೆ ಕರೆಂಟು ಕೊಡುವ ಬ್ಯಾಟರಿ ಗುಡ್ಡದಲ್ಲಿ ಒಂದೇ ಕಡೆ ಇತ್ತು. ಸರ್ಕಾರ ಮುಚ್ಚಿದ್ದ ಶಾಲೆಯನ್ನು ಜನ ಗುಡಿಸಿ ಸುಣ್ಣ ಹೊಡೆದು ಊರ ಸಂಘದ ಮನೆ ಮಾಡಿಕೊಂಡಿದ್ದರು. ಹತ್ತು ಗಂಟೆಗೆ ಇದಾಲಿಯಾ ಇಬ್ಬರನ್ನೂ ಕರೆದುಕೊಂಡು ಒಳಗೆ ಹೋದಾಗ ನೊಯೆಮಿ ರೆಂತಾಸ್ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಪೇಟೆಯ ಕೈಗಾರಿಕಾ ಶಾಲೆಯಲ್ಲಿ ಮೂವತ್ತು ವರ್ಷ ವಿದ್ಯುತ್ ವಿಭಾಗದ ಟೀಚರಾಗಿದ್ದವಳು, ಸೀಮೆಯ ಅರ್ಧ ಲೈನ್‌ಮ್ಯಾನ್‌ಗಳಿಗೆ ಇಕ್ಕಳ ಹಿಡಿಯುವುದನ್ನು ಕಲಿಸಿದವಳು. ಯಾಮಿಲ್‌ಗೂ ಕೂಡ. ಬ್ಯಾಟರಿಗಳ ಹಿಂದಿನಿಂದ ಹೆಬ್ಬೆರಳು ದಪ್ಪದ ಕೇಬಲ್ಲು ಕಿಟಕಿ ದಾಟಿ, ಹಲಸಿನ ಜಾತಿಯ ಪಾನಾ ಮರದ ಮರೆಯಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹೋಗಿತ್ತು.

"ಇದನ್ನ ಎಳೆದೋರು ಯಾರು?" ಇದಾಲಿಯಾ ಕೇಳಿದಳು.

"ನಾನೇ." ನೊಯೆಮಿ ಹುರುಳಿಕಾಯಿ ಬಿಡಲಿಲ್ಲ. "ಇಷ್ಟು ಚೊಕ್ಕವಾಗಿ ಈ ಸೀಮೇಲಿ ಇನ್ಯಾರು ಎಳೀತಾರೆ ಮಗಳೇ?"

"ಫ್ಯೂಸು?"

"ಅದೂ ನಾನೇ. ನಮ್ಮ ಕರೆಂಟು ಪೇಟೆಗೆ ಹರಿದು ಯಾರಿಗೂ ತಗಲಬಾರದು ಅಂತ. ಹನ್ನೆರಡು ಮನೇಗೆ ಪ್ಯಾನೆಲ್ಲಿಲ್ಲ. ಮೇಲಿನ ಮನೆಯೋರು ಫ್ಯಾನ್ ಹಾಕ್ಕೊಂಡು ಮಲಗಿ ಕೆಳಗಿನೋರು ಬೇಯಬೇಕಾ? ಕೊಟ್ಟೆ. ನಿಮ್ಮ ಕಾನೂನಲ್ಲಿ ತಪ್ಪಿರಬಹುದು, ನಂದ್ರಲ್ಲಿಲ್ಲ."

"ಯಾಮಿಲ್ ಕೈ?"

ಅವಳು ತಲೆಯೆತ್ತಿ ನೇರವಾಗಿ ನೋಡಿದಳು. ನಿನ್ನೆಯಿಂದ ಅವಳು ಕಾಯುತ್ತಿದ್ದ ಪ್ರಶ್ನೆ ಅದು, ಉತ್ತರವೂ ಸಿದ್ಧವಾಗಿತ್ತು. "ಅದನ್ನ ಕಂಪನೀನ ಕೇಳು. ಎರಡರಿಂದ ನಾಲ್ಕು ಅಂತ ರೇಡಿಯೊದಲ್ಲಿ ಹೇಳ್ಸಿದ್ದು ಅವರು. ಎರಡಕ್ಕೆ ಬೀದಿ ಲೈನ್ ಕಿತ್ತೆ. ನಾಲ್ಕಾಗೋವರೆಗೂ ಈ ಕುರ್ಚಿ ಬಿಟ್ಟು ಎದ್ದಿಲ್ಲ. ನಾಲ್ಕಾದ ಮೇಲೂ ಆ ಹುಡುಗನ್ನ ಕಂಬದ ಮೇಲೆ ಬಿಟ್ಟಿದ್ರಲ್ಲ, ಅವರನ್ನ ಹಿಡ್ಕೊಂಡು ಹೋಗು."

"ಮೂರೂ ಇಪ್ಪತ್ತಕ್ಕೆ ಬಿಟ್ರಿ ನೀವು."

"ನಾಲ್ಕಕ್ಕೆ."

"ಯಾವ ಗಡಿಯಾರದಲ್ಲಿ?"

ನೊಯೆಮಿ ಚಾಕು ಹಿಡಿದ ಕೈಯಿಂದಲೇ ಗೋಡೆ ತೋರಿಸಿದಳು. ಬೀದಿಯ ಲೈನು ಕಿತ್ತರೂ ಸಂಘದ ಮನೆಯೊಳಗೆ ಬ್ಯಾಟರಿಯ ಕರೆಂಟು ಹಾಗೆಯೇ ಇತ್ತು, ಹಸಿರು ಗಡಿಯಾರ ಅದರಲ್ಲಿ ಓಡುತ್ತಿತ್ತು. ಇದಾಲಿಯಾ ತನ್ನ ಕೈಗಡಿಯಾರ ಬಿಚ್ಚಿ ಹುರುಳಿಕಾಯಿಯ ಪಕ್ಕದಲ್ಲಿಟ್ಟಳು. ಅದರಲ್ಲಿ ಹತ್ತೂ ಐದು. ಗೋಡೆಯ ಮೇಲೆ ಹನ್ನೊಂದಕ್ಕೆ ಐದೇ ನಿಮಿಷ ಬಾಕಿ.

ಯಾರಿಬೆಲ್ ಏನೋ ಹೇಳಲು ಬಾಯಿ ತೆರೆದಳು. ನೊಯೆಮಿ ಕೈಯೆತ್ತಿ ತಡೆದಳು. ಒಂದಾದ ಮೇಲೊಂದು ಎರಡೂ ಗಡಿಯಾರಗಳನ್ನು ನೋಡಿದಳು.

"ಹೇಳ್ಬೇಡ ಮಗು, ನಂಗೊತ್ತು," ಎಂದಳು. "ಮೇನ್ ಲೈನಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಬಡ್ಕೊಳುತ್ತೆ. ಬ್ಯಾಟರಿ ತುಂಬಿದ ಮೇಲೆ ನಮ್ಮ ಇನ್ವರ್ಟರ್ ಅದನ್ನ ಅರವತ್ತೆರಡಕ್ಕೆ ಏರಿಸುತ್ತೆ, ಪ್ಯಾನೆಲ್ಲುಗಳಿಗೆ ಸಾಕು ನಿಲ್ಲಿ ಅಂತ ಹೇಳೋಕೆ. ಹಾಗಂತ ಸೆಟ್ ಮಾಡಿದ್ದು ನಾನೇ. ಪ್ಲಗ್ಗಿನ ಗಡಿಯಾರ ಆ ಬಡಿತಾನೇ ಎಣಿಸೋದು. ಬಿಸಿಲಿದ್ದಷ್ಟು ಹೊತ್ತೂ ಗಂಟೆಗೆ ಎರಡು ನಿಮಿಷ ಮುಂದೆ ಹೋಗುತ್ತೆ." ಅವಳು ಚಾಕು ಕೆಳಗಿಟ್ಟಳು. "ಇದನ್ನ ಪಾಠ ಮಾಡಿದೀನಿ ನಾನು. ಯಾಮಿಲ್ ಮುಂದಿನ ಬೆಂಚಲ್ಲಿ ಕೂತಿರ್ತಿದ್ದ."

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಗಡಿಯಾರಗಳೆಲ್ಲ ನಲವತ್ತು ನಿಮಿಷ ಮುಂದಿದ್ದವು. ತನ್ನ ಅಡುಗೆಮನೆಯ ಗಡಿಯಾರವನ್ನೂ ಸಂಘದ ಗಡಿಯಾರವನ್ನೂ ನೊಯೆಮಿ ಅಂದು ಬೆಳಿಗ್ಗೆಯೇ ಹೋಲಿಸಿ ನೋಡಿದ್ದಳು. ಎರಡೂ ಒಂದೇ ಹೇಳಿದ್ದವು, ಎರಡಕ್ಕೂ ಕರೆಂಟು ಕೊಟ್ಟವಳು ಅವಳೇ ಆಗಿದ್ದರಿಂದ.

ಯಾಮಿಲ್ ಕಂಬ ಹತ್ತುವ ಮುಂಚೆ ಟೆಸ್ಟ್ ಮಾಡಿದ್ದನಾ ಎಂದು ನೊಯೆಮಿ ಕೇಳಿದಳು. ಎರಡು ಸಲ ಮಾಡಿದ್ದ ಎಂದು ಇದಾಲಿಯಾ ಹೇಳಿದಳು. ನೊಯೆಮಿ ಮುಖವನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡಳು. ನಾಜಾರಿಯೊ ಹೊರಗೆ ಹೋಗಿ ನಿಂತ.

ಹತ್ತೂ ನಲವತ್ತಕ್ಕೆ ಬಂಧನವಾಯಿತು. ಸುದ್ದಿ ತಿಳಿದು ಹನ್ನೆರಡು ಮನೆಯವರೂ ಜೀಪಿನ ಮುಂದೆ ರಸ್ತೆಗೆ ಅಡ್ಡ ಕೂತರು. ಚೆಲೊ ಕುರ್ಚಿಯನ್ನೇ ತಂದಿದ್ದ. ಎಬ್ಬಿಸಲು ನಾಜಾರಿಯೊ ಎಷ್ಟು ಬೇಡಿಕೊಂಡರೂ ಅಲ್ಲಾಡಲಿಲ್ಲ. ಕೊನೆಗೆ ನೊಯೆಮಿಯೇ ಜೀಪಿನಿಂದ ತಲೆ ಹೊರಗೆ ಹಾಕಿ, ತಾನು ಒಪ್ಪಿಕೊಂಡರೆ ಯಾರ ಪ್ಯಾನೆಲ್ಲಿಗೂ ಬೀಗಮುದ್ರೆ ಬೀಳುವುದಿಲ್ಲ, ದಾರಿ ಬಿಡಿ ಎಂದು ಗದರಿದ ಮೇಲೆ ಎದ್ದರು.

ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ಪ್ರಾಸಿಕ್ಯೂಟರೂ ಬಂದು ಕೂತ. ಕೊಲೆಯತ್ನದ ಸೆಕ್ಷನ್ ಬಿದ್ದುಹೋಗಿತ್ತು. ನಿರ್ಲಕ್ಷ್ಯದಿಂದ ತೀವ್ರ ಗಾಯ ಎಂಬುದು ಉಳಿದಿತ್ತು. ಕ್ಲಾಂಪಿಲ್ಲದ ಲಾರಿಯ ವಿಚಾರಕ್ಕೆ ಇದಾಲಿಯಾ ಬೇರೆಯೇ ವರದಿ ಬರೆದಿದ್ದಳು, ಅದನ್ನು ಕೈಬಿಡುವಂತೆ ಹೇಳಿ ಬಂದ ಎರಡು ಫೋನು ಕರೆಗಳನ್ನೂ ಸಮಯ ಸಮೇತ ಅದರಲ್ಲೇ ನಮೂದಿಸಿದ್ದಳು. ಚಂಡಮಾರುತದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಸತ್ತಿದ್ದರೇ ಎಂದು ಪ್ರಾಸಿಕ್ಯೂಟರ್ ಕೇಳಿದ. ಅಂಥದ್ದೇನಾದರೂ ಇದ್ದರೆ ನ್ಯಾಯಾಧೀಶರ ಮನಸ್ಸು ಕರಗಬಹುದು ಎಂಬುದು ಅವನ ಲೆಕ್ಕ.

"ಯಾರೂ ಸಾಯ್ಲಿಲ್ಲ," ಎಂದಳು ನೊಯೆಮಿ. "ಐಸಿಗೆ ಸಾಲಲ್ಲಿ ನಿಂತಿದ್ದೆ, ಅಷ್ಟೇ. ಹನ್ನೊಂದು ತಿಂಗಳು. ಬೆಳಗಿನ ಜಾವ ಗುಡ್ಡ ಇಳಿದು ಪೇಟೆ ಚೌಕಕ್ಕೆ ಹೋಗ್ಬೇಕು. ಸಾಲಲ್ಲಿ ಜಗಳ ಆಗ್ಬಾರ್ದು ಅಂತ ಕಾವಲಿನೋನು ಮುಂಗೈ ಮೇಲೆ ಮಾರ್ಕರಲ್ಲಿ ನಂಬರ್ ಬರೀತಿದ್ದ, ದನಕ್ಕೆ ಬರೆಯೋ ಹಾಗೆ. ಒಂದು ಚೀಲ ಐಸು, ಮನೆ ಮುಟ್ಟೋ ಹೊತ್ತಿಗೆ ಅರ್ಧ ನೀರು. ನನ್ನ ಶಿಷ್ಯರೇ ನನ್ನ ಹಿಂದೆ ನಿಂತಿರ್ತಿದ್ರು, ನನ್ನ ಕೈ ಕಾಣಬಾರ್ದು ಅಂತ ಜೇಬಲ್ಲಿ ಇಟ್ಕೊಳ್ತಿದ್ದೆ. ಇನ್ನು ಆ ಸಾಲಿಗೆ ಹೋಗಲ್ಲ, ಗುಡ್ಡದ ಯಾರನ್ನೂ ಕಳ್ಸಲ್ಲ ಅಂತ ಅವತ್ತೇ ಅಂದ್ಕೊಂಡಿದ್ದೆ."

ಹೇಳಿಕೆಯ ಕೊನೆಗೆ ಅವಳು ಎರಡು ವಾಕ್ಯ ಬರೆಸಿದಳು. ಹನ್ನೆರಡು ಮನೆಗೆ ಬೆಳಕು ಕೊಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ನಾಳೆ ಬಿಟ್ಟರೆ ನಾಳೆಯೇ ಕೊಡುತ್ತೇನೆ. ಯಾಮಿಲ್ ಒಕೆಂದೊ ತನ್ನ ಕೆಲಸ ಸರಿಯಾಗಿ ಮಾಡಿದ್ದ, ಅವನ ಕೈ ಹೋದರೆ ಹೋಗುವುದು ನನ್ನಿಂದ.

ಮೊದಲನೆಯದನ್ನು ತೆಗೆಸಿದರೆ ಶಿಕ್ಷೆ ಅರ್ಧಕ್ಕಿಳಿಯಬಹುದು ಎಂದ ಪ್ರಾಸಿಕ್ಯೂಟರ್. ಎರಡನೆಯದು ಬೇಡ, ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದ ಅವಳ ಪರವಾಗಿ ಬಂದಿದ್ದ ಯುವ ವಕೀಲ.

"ಎರಡೂ ಇರ್ಲಿ ಮಗಳೇ," ಎಂದಳು ನೊಯೆಮಿ ಇದಾಲಿಯಾಳಿಗೆ. "ಎರಡೂ ನಿಜ."

ಇದಾಲಿಯಾ ಎರಡನ್ನೂ ಹಾಗೆಯೇ ಬಿಟ್ಟು ಕಾಗದವನ್ನು ಅವಳ ಕಡೆ ತಿರುಗಿಸಿದಳು. ನೊಯೆಮಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಹಿ ಮಾಡಿದಳು.