ಬಿರುಗಾಳಿಯ ತಂಗಿ

“ಏ ಬಿರುಗಾಳಿ! ಮತ್ತೆ ಗಾಜಿನ ಕೊಳವೆ ಒಡೆದ್ಯಾ? ಅದೇನು ಕೈಯೋ, ಸುತ್ತಿಗೆಯೋ? ನಿನ್ನ ಹೆತ್ತವರಿಗೆ ಕೈ ಮುಗೀಬೇಕು ಕಣೋ!”

ಪ್ರಯೋಗಾಲಯದ ಬಾಗಿಲಲ್ಲಿ ಶಾಲೆಯ ಸಲಹೆಗಾರ್ತಿಯ ಕಾಲು ಕಟ್ಟಿಹಾಕಿದಂತೆ ನಿಂತಿತು.

ಬಿರುಗಾಳಿ... ಆ ಅಡ್ಡಹೆಸರನ್ನು ಅವಳು ಬಲ್ಲಳು. ಕಳೆದ ರಜೆಯಲ್ಲಿ ಜ್ವರವೆಂದು ಆಸ್ಪತ್ರೆ ಸೇರಿದ ಆ ಹುಡುಗ ಮನೆಗೆ ಮರಳಲಿಲ್ಲ. ಅವನ ತಂಗಿಯೂ ಇದೇ ಶಾಲೆಯ ಏಳನೇ ತರಗತಿಯಲ್ಲಿದ್ದಳು. ಕಡ್ಡಿಯಂಥ ಮಗು, ಅಣ್ಣ ಅವಳಿಗೆ ಗುಂಡುಪಿನ್ನು ಎಂದು ಹೆಸರಿಟ್ಟಿದ್ದ. ಇಂಥ ಮಕ್ಕಳ ದುಃಖಕ್ಕೆ ಜೊತೆಯಾಗಲೆಂದೇ ಶಾಲೆ ಈ ಸಲಹೆಗಾರ್ತಿಯನ್ನು ಹೊಸದಾಗಿ ಕರೆಸಿಕೊಂಡಿತ್ತು.

ಒಳಗೆ ವಿಜ್ಞಾನದ ಮೇಷ್ಟ್ರು ಖಾಲಿ ಬೆಂಚಿನತ್ತ ಬೆರಳು ಚಾಚಿ ಗದರುತ್ತಿದ್ದರು. ಪಕ್ಕದಲ್ಲಿ ಗುಂಡುಪಿನ್ನು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು!

“ನಿಲ್ಲಿಸ್ರೀ!” ಸಲಹೆಗಾರ್ತಿ ಒಳಗೆ ನುಗ್ಗಿದಳು. “ಸತ್ತ ಹುಡುಗನನ್ನ ಅವನ ತಂಗಿ ಎದುರಿಗೇ ಬೈತೀರಲ್ಲ... ನಿಮ್ಮ ಎದೇಲಿ ಇರೋದೇನು, ಕಲ್ಲಾ?”

ಹುಡುಗಿ ಬೆಚ್ಚಿ ಹೊರಗೆ ಓಡಿಹೋದಳು.

ಮೇಷ್ಟ್ರು ನಿಧಾನವಾಗಿ ತಿರುಗಿದರು. ಕಣ್ಣಂಚು ಒದ್ದೆ.

“ನೀವು ಕೇಳಿದ್ದು ಅರ್ಧ ಮಾತ್ರ ಮೇಡಂ.”

“ಹಾಗಾದ್ರೆ ಪೂರ್ತಿ ಹೇಳಿ!”

ಅವರು ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟರು. ಆ ಒದ್ದೆ ಕಣ್ಣು ಮಾತ್ರ ದಿನವಿಡೀ ಅವಳನ್ನು ಬಿಡದೆ ಕಾಡಿತು. ‘ತಪ್ಪು ಮಾಡಿದವರ ಕಣ್ಣು ಹಾಗಿರುತ್ತಾ?’

ಆದರೂ ಸಂಜೆ ಅವಳು ಮುಖ್ಯೋಪಾಧ್ಯಾಯಿನಿಗೆ ದೂರು ಕೊಟ್ಟಳು.

“ನಿಜವೇ ಆಗಿದ್ರೆ ಅವರನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ,” ಎಂದರು ಆಕೆ. “ನಾಳೆ ಹುಡುಗಿ ತಾಯಿನೂ ಕರೆಸ್ತೀನಿ.”

ಮರುದಿನ ಬೆಳಿಗ್ಗೆ ಸಲಹೆಗಾರ್ತಿ ಗುಂಡುಪಿನ್ನುವನ್ನು ತನ್ನ ಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹೆದರಬೇಡ ಪುಟ್ಟ. ಇನ್ಮೇಲೆ ಯಾರೂ ನಿನ್ನ ಅಣ್ಣನ್ನ ಬೈಯಲ್ಲ. ಅಷ್ಟು ಒಳ್ಳೇ ಹುಡುಗ...”

“ಒಳ್ಳೇ ಹುಡುಗ ಅಲ್ಲ!”

ಸಲಹೆಗಾರ್ತಿ ಬೆರಗಾದಳು.

“ನನ್ನ ಜಡೆ ಕುರ್ಚಿಗೆ ಕಟ್ತಿದ್ದ. ನನ್ನ ಹಲ್ಲುಜ್ಜೋ ಬ್ರಷ್‌ನಲ್ಲಿ ಶೂ ಉಜ್ಜಿದ್ದ! ಈಗ ಅಮ್ಮ, ಒಂದಿನಾನೂ ಎದುರು ಮಾತಾಡಿದವನಲ್ಲ ಅಂತಾಳೆ. ಬಂದವರೆಲ್ಲ ದೇವರಂಥ ಹುಡುಗ ಅಂತಾರೆ. ಗೋಡೆ ಮೇಲಿನ ಫೋಟೋದಲ್ಲಿರೋ ಆ ದೇವರಂಥವನು ಯಾರೋ ನಂಗೆ ಗೊತ್ತಿಲ್ಲ ಮಿಸ್... ನನ್ನ ಅಣ್ಣ ಬೇಕು ನಂಗೆ!”

“ಅದಕ್ಕೆ...?”

“ಅದಕ್ಕೇ ಮೇಷ್ಟ್ರಿಗೆ ಹೇಳ್ದೆ, ಮೊದಲಿನ ಹಾಗೇ ಅವನನ್ನ ಒಂದ್ಸಲ ಬೈಯ್ರಿ ಅಂತ. ಅವರು ಬೈದಾಗ ಅಣ್ಣ ಅಲ್ಲೇ ಹಲ್ಲು ಕಿರೀತಾ ನಿಂತಿದ್ದ ಹಾಗಾಯ್ತು.” ಹುಡುಗಿ ಅವಳ ಕೈ ಹಿಡಿದುಕೊಂಡಳು. “ಯಾರಿಗೂ ಹೇಳಲ್ಲ ಅಂತ ಅವರಿಂದ ಆಣೆ ಮಾಡಿಸ್ಕೊಂಡಿದ್ದೀನಿ. ನೀವೂ ಹೇಳ್ಬೇಡಿ. ಅಮ್ಮ ತಡ್ಕೊಳ್ಳಲ್ಲ!”

ಅಯ್ಯೋ ದೇವರೇ, ನಾನೆಂಥ ಕೆಲಸ ಮಾಡಿಬಿಟ್ಟೆ! ಬಾಯಿ ತೆರೆದರೆ ಮಗುವಿನ ನಂಬಿಕೆ ಹೋಗುತ್ತದೆ. ಮುಚ್ಚಿಕೊಂಡರೆ ಆ ಮನುಷ್ಯನ ಕೆಲಸ ಹೋಗುತ್ತದೆ, ಮಗುವಿಗೆ ಅಣ್ಣನ ಮಾತಾಡಲು ಇದ್ದ ಒಬ್ಬರೂ ಇಲ್ಲವಾಗುತ್ತಾರೆ...

ಅಷ್ಟರಲ್ಲಿ ಇಬ್ಬರಿಗೂ ಕರೆ ಬಂದಿತು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ತಾಯಿ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ಕುಳಿತಿದ್ದರು. ಗುಂಡುಪಿನ್ನು ಅವರ ಪಕ್ಕಕ್ಕೆ ಸರಿದಳು.

“ಮೇಷ್ಟ್ರೇ, ಬೈದದ್ದು ನಿಜವಾ?” ಎದುರು ನಿಂತಿದ್ದ ಮೇಷ್ಟ್ರನ್ನು ಮುಖ್ಯೋಪಾಧ್ಯಾಯಿನಿ ಕೇಳಿದರು.

“ನಿಜ.”

“ಯಾಕೆ?”

ತಾಯಿ ಮುಂದಕ್ಕೆ ಬಾಗಿದರು. “ಬಂಗಾರದಂಥ ಮಗ ನನ್ನದು. ಅವನ ಮೇಲೆ ನಿಮಗೇನಪ್ಪಾ ಅಷ್ಟು ಸಿಟ್ಟು?”

ಮೇಷ್ಟ್ರು ತಲೆ ತಗ್ಗಿಸಿದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ನನಗೆ ಬೇರೆ ದಾರಿ...”

“ತಪ್ಪು ನನ್ನದು!”

ಸಲಹೆಗಾರ್ತಿ ಎದ್ದು ನಿಂತಿದ್ದಳು. ಹುಡುಗಿಯ ಮಾತನ್ನು ಅವಳು ಆಡಲಿಲ್ಲ. ತನ್ನದನ್ನು ಆಡಿದಳು.

“ಅಮ್ಮಾ, ನಂಗೂ ಒಬ್ಬಳು ತಂಗಿ ಇದ್ದಳು. ಹೋದ ಮೇಲೆ ನಮ್ಮನೇಲಿ ಅವಳು ದೇವತೆ ಆಗಿಬಿಟ್ಟಳು. ನನ್ನನ್ನ ಕಚ್ಚಿ, ಪರಚಿ, ಕೊನೆಗೆ ನನ್ನ ಹಾಸಿಗೇಲೇ ಬಂದು ಮಲಗ್ತಿದ್ದ ತಂಗಿ ಮಾತು ಎತ್ತೋ ಹಾಗೇ ಇರಲಿಲ್ಲ. ನಾನು ಅವಳನ್ನ ಎರಡು ಸಲ ಕಳ್ಕೊಂಡೆ. ಮೇಷ್ಟ್ರ ಬೈಗುಳದಲ್ಲಿ ಸಿಟ್ಟಿರಲಿಲ್ಲ. ಅದು ನನ್ನ ಕಿವಿಗೆ ಕೇಳಿಸಲಿಲ್ಲ, ಅಷ್ಟೇ.”

ತಾಯಿ ನೆಲ ನೋಡುತ್ತಲೇ ಇದ್ದರು. ಈಗ ಸಿಡಿಯುತ್ತಾರೆ... ಈಗ...

“ಒಂದ್ಸಲ,” ತಾಯಿಯ ದನಿ ಬಾವಿಯೊಳಗಿಂದ ಬಂದಂತಿತ್ತು, “ನನ್ನ ಕನ್ನಡಕಾನ ನೀರಿನ ತೊಟ್ಟಿಗೆ ಹಾಕಿದ್ದ, ಕಳ್ಳ! ಎರಡೇಟು ಕೊಟ್ಟಿದ್ದೆ...”

“ಅಮ್ಮಾ,” ಗುಂಡುಪಿನ್ನು ಪಿಸುಗುಟ್ಟಿದಳು, “ಅದು ನಾನು. ಅಣ್ಣ ಸುಮ್ಮನೆ ಏಟು ತಿಂದ.”

ತಾಯಿ ಮಗಳನ್ನು ದಿಟ್ಟಿಸಿದರು. ಮರುಕ್ಷಣ ಅವಳನ್ನು ಎದೆಗೆ ಅವುಚಿಕೊಂಡರು. ನಗುವೋ ಅಳುವೋ ತಿಳಿಯದಂತೆ ಇಬ್ಬರ ಮೈಯೂ ಕುಲುಕುತ್ತಿತ್ತು.

“ಮೇಷ್ಟ್ರೇ,” ಎಂದರು ತಾಯಿ ಕಣ್ಣೊರೆಸಿಕೊಳ್ಳುತ್ತ, “ಇನ್ನೂ ಏನೇನು ಮಾಡಿದ್ದ ನನ್ನ ಮಗ? ಎಲ್ಲಾ ಹೇಳ್ರಪ್ಪಾ.”

ಕೊಟ್ಟವನೇ ಕರೆದುಕೊಂಡ ಮಗುವಿಗಾಗಿ ಆ ದಿನ ತಾಯಿಯೂ ತಂಗಿಯೂ ಒಟ್ಟಿಗೆ ಅತ್ತರು.

ಆಮೇಲೆ ಮೊಗಸಾಲೆಯಲ್ಲಿ ಸಲಹೆಗಾರ್ತಿ ಮೇಷ್ಟ್ರನ್ನು ತಡೆದಳು.

“ಕೆಲಸವೇ ಹೋಗ್ತಿತ್ತಲ್ರೀ! ಬಾಯಿಬಿಡಬಾರದಿತ್ತೇ?”

“ಮಗುವಿಗೆ ಮಾತು ಕೊಟ್ಟಿದ್ದೆ.” ಮೇಷ್ಟ್ರು ಕೇಳಿದರು, “ನಿಮ್ಮ ತಂಗಿ... ಯಾವುದಕ್ಕೆ ಜಗಳ ಆಡ್ತಿದ್ಲು?”

ಎಷ್ಟೋ ವರ್ಷಗಳಿಂದ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. “ಬಸ್ಸಿನ ಕಿಟಕಿ ಸೀಟಿಗೆ...” ಎಂದು ಆರಂಭಿಸಿದವಳಿಗೆ ಮಾತು ನಿಲ್ಲಿಸಲಾಗಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ಜೊತೆಯಾಗಿ ನಡೆಯುವುದು ರೂಢಿಯಾಯಿತು. ತಿಂಗಳುಗಳು ಸರಿದವು. ಒಂದು ಸಂಜೆ ಮೇಷ್ಟ್ರು ದಾರಿಯಲ್ಲೇ ನಿಂತರು.

“ನಿಮ್ಮ ಜೊತೆ ಈ ದಾರಿ ತುಂಬ ಚಿಕ್ಕದಾಯ್ತು ಅನ್ನಿಸ್ತಿದೆ. ಇನ್ನೂ ದೂರ ನಡೀಬೇಕು ಅನ್ನೋ ಆಸೆ... ನಿಮ್ಮ ತಾಯಿನ ನೋಡೋಕೆ ಬರಲಾ?”

ಅವಳ ಕೆನ್ನೆ ಬಿಸಿಯಾಯಿತು. ‘ಇಷ್ಟು ದಿನ ಬೇಕಾಯಿತೇ ಮಹಾರಾಯರಿಗೆ!’

“ಬನ್ನಿ. ಆದ್ರೆ ಇವರು ಯಾರು ಅಂತ ಅಮ್ಮ ಕೇಳ್ತಾರೆ.”

“ಏನಂತೀರಿ?”

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು.

“ನಮ್ಮವರು ಅಂತೀನಿ.”

“ಏನಂದ್ರಿ? ಕೇಳಿಸ್ಲಿಲ್ಲ...”

“ಕೇಳಿಸ್ತು ನಿಮಗೆ. ಬಸ್ಸು ಬಂತು, ನಡೀರಿ!”