ಬರ್ಮಾ ವಿಭಾಗದ ಅಡಿಕೆ ಡಬ್ಬಿ

"ದ್ಯಾಮಮ್ನೋರೇ, ನನ್ನ ಮೋಸಗಾರ್ತಿ ಅಂದ್ರು," ಎಂದು ದುರ್ಗಾಂಬಿಕಾ ಬಾಗಿಲಲ್ಲೇ ನಿಂತುಬಿಟ್ಟಳು. ಅವಳನ್ನು ಕರೆತಂದ ಕಲ್ಲೇಶ್ ಹಿಂದೆ ನಿಂತಿದ್ದ. ಬೆಳಗ್ಗೆಯಿಂದ ಅವನಿಗೆ ತನ್ನ ಕೈಕಾಲು ತನ್ನವು ಅಂತಲೇ ಅನ್ನಿಸಿರಲಿಲ್ಲ.

ದ್ಯಾಮಮ್ಮ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಚನ್ನಗಿರಿಯಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಜಗಲಿ ಹತ್ತುತ್ತಿದ್ದರು. ಆ ಪತ್ತೆಗಳಲ್ಲೆಲ್ಲ ಬೈಕ್ ಓಡಿಸಿದವನೂ ಬೈಸಿಕೊಂಡವನೂ ಕಲ್ಲೇಶನೇ. ಹೊಟ್ಟೆಪಾಡಿಗೆ ಅವನು ಎದುರಿನ ನೀತಿ ಅಧ್ಯಯನ ಕೇಂದ್ರದಲ್ಲಿ ಗುಮಾಸ್ತ.

ಅದು ಸರ್ಕಾರಕ್ಕೆ ಸಲಹೆ ಬರೆದುಕೊಡುವ ಸಂಸ್ಥೆ. ಬರ್ಮಾ ದೇಶಕ್ಕೆಂದೇ ಹೊಸ ವಿಭಾಗ ತೆರೆದು ಇಬ್ಬರು ತಜ್ಞ ಫೆಲೋಗಳನ್ನು ಆರಿಸಿತ್ತು: ಗಡಿ ರಾಜಕೀಯಕ್ಕೆ ಮುಂಬಯಿಯಲ್ಲಿ ಬೆಳೆದ ಪ್ರವೀಣ್ ಕುಮಾರ್, ವ್ಯಾಪಾರಕ್ಕೆ ಜಗಳೂರಿನ ದುರ್ಗಾಂಬಿಕಾ. ಬರ್ಮಾದ ಅಡಿಕೆಗೆ ಕೆಂಪು ಬಣ್ಣ ಹಚ್ಚಿ ಚನ್ನಗಿರಿಯದೆಂದು ಮಾರುತ್ತಾರೆ ಎನ್ನುವುದು ಅವಳ ವರದಿ. ಸಾಕ್ಷಿಗೆ ಒಂದು ಡಬ್ಬಿ ಅಡಿಕೆಯನ್ನು ಟೇಪು ಸುತ್ತಿ, ಅದರ ಮೇಲೆ ಸಹಿ ಹಾಕಿ ಕಚೇರಿಯ ಗಾಜಿನ ಬೀರುವಿನಲ್ಲಿ ಇಟ್ಟಿದ್ದಳು.

"ಬೆಳಗ್ಗೆ ಡಬ್ಬಿ ತೆಗೆದ್ರು. ಟೇಪಿನ ಮೇಲೆ ನನ್ನ ಸಹಿ ಇಲ್ಲ ಅಂದ್ರೂ ಯಾರೂ ಕೇಳಲಿಲ್ಲ. ಮುರುಗೇಶಪ್ಪನೋರು ಇಣುಕಿದ್ದೇ ತಡ, 'ಇವು ನಮ್ಮ ಪಕ್ಕದ ಉಬ್ರಾಣಿ ಅಡಿಕೆ, ಬರ್ಮಾನೂ ಇಲ್ಲ ಏನೂ ಇಲ್ಲ' ಅಂದ್ಬಿಟ್ರು. ಕಾಲೇಜಿನ ಕೆಲಸ ಬಿಟ್ಟು ಬಂದೀನಿ ನಾನು. ಸಂಜೆ ನಾಲ್ಕಕ್ಕೆ ನನ್ನ ನೇಮಕ ರದ್ದು ಮಾಡ್ತಾರಂತೆ. ಆಮೇಲೆ ಯಾರು ನನ್ನ ಒಳಗೆ ಬಿಟ್ಕಂತಾರೆ?"

ಮುರುಗೇಶಪ್ಪ ಕೇಂದ್ರದ ಸಲಹೆಗಾರರು, ಮಂಡಿ ವ್ಯಾಪಾರಿ, ಅಡಿಕೆಯ ದರ್ಜೆ ಹೇಳುವುದರಲ್ಲಿ ಎತ್ತಿದ ಕೈ. ಕಲ್ಲೇಶನ ತಂದೆ ಕೂಡ.

"ಬೀರುವಿನ ಕೀಲಿ ಯಾರ ಹತ್ರ ಐತೆ?" ದ್ಯಾಮಮ್ಮ ಕೇಳಿದರು.

"ಮೂರು ಜನದ ಹತ್ರ," ಎಂದ ಕಲ್ಲೇಶ್. "ನಿರ್ದೇಶಕಿ ಮೇಘಶ್ರೀ ಮೇಡಂ, ಪ್ರವೀಣ್ ಸರ್, ನಮ್ಮಪ್ಪ. ನಿನ್ನೆ ಸಂಜೆವರೆಗೆ ಡಬ್ಬಿ ನಾನೇ ನೋಡೀನಿ, ಟೇಪು ಸರಿಯಾಗೇ ಇತ್ತು. ಮೇಡಂ ಮೊನ್ನೇನೇ ನ್ಯಾಮತಿಗೆ ಹೋಗಿದ್ರು, ಇವತ್ತು ಬಂದಿದ್ದು ಎಲ್ಲರ ಎದುರಿಗೇನೇ."

ದ್ಯಾಮಮ್ಮ ಕಚೇರಿಗೆ ಬಂದು ಮೊದಲು ಕಸದ ಬುಟ್ಟಿ ಕೆದಕಿದರು. ದುರ್ಗಾಂಬಿಕಾಳ ಸಹಿಯಿದ್ದ ಹಳೆಯ ಟೇಪು ಸಿಕ್ಕಿತು, ಅಡಿಕೆ ಸಿಗಲಿಲ್ಲ. ಆಮೇಲೆ ಮುಂದಿನ ಕೋಣೆಗೆ ಬಂದು, ಅತಿಥಿಗಳಿಗೆಂದು ಇಟ್ಟ ಎಲೆ ಅಡಿಕೆ ತಟ್ಟೆಯ ಮುಂದೆ ಕೂತರು. ತಟ್ಟೆಯಲ್ಲಿ ಇಡೀ ಅಡಿಕೆಗಳಿದ್ದವು.

"ನೀನು ದಿನಾ ಇಡೋದು ಹೋಳಲ್ಲೇನೋ?"

"ಹೋಳೇ. ಇವು ನಾನಿಟ್ಟಿದ್ದಲ್ಲ."

ದ್ಯಾಮಮ್ಮ ಒಂದನ್ನೆತ್ತಿ ಒದ್ದೆ ಹೆಬ್ಬೆರಳಿಂದ ಉಜ್ಜಿದರು. ಬೆರಳು ಕೆಂಪಾಯಿತು. ಕಲ್ಲೇಶ್ ಅದನ್ನು ನೋಡುತ್ತ ನಿಂತ. ದುಃಖ ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಯಾವುದೂ ಬರಲಿಲ್ಲ.

ನಾಲ್ಕಕ್ಕೆ ಎಲ್ಲರೂ ಸೇರಿದರು. ದ್ಯಾಮಮ್ಮ ತಟ್ಟೆಯನ್ನು ಮೇಜಿನ ನಡುವೆ ಇಟ್ಟರು.

"ದುರ್ಗಾಂಬಿಕಾ ತಂದ ಅಡಿಕೆ ಇವೇ. ಬಣ್ಣ ಬಿಡ್ತವೆ, ಉಜ್ಜಿ ನೋಡ್ರಿ. ಡಬ್ಬೀಲಿದ್ದುದ್ನ ಬದಲಿಸಿದೋರು ಟೇಪು ಕಸಕ್ಕೆ ಹಾಕಿದ್ರು, ಅಡಿಕೆ ಹಾಕಲಿಲ್ಲ. ಪ್ರವೀಣ್ ಅವರೇ, ನೀವಾಗಿದ್ರೆ ಏನು ಮಾಡ್ತಿದ್ರಿ?"

"ಅದೇ ಬುಟ್ಟಿಗೆ ಹಾಕ್ತಿದ್ದೆ," ಎಂದ ಪ್ರವೀಣ್ ಕುಮಾರ್, ಯೋಚನೆಯನ್ನೇ ಮಾಡದೆ.

"ನೋಡ್ರಿ. ಅಡಿಕೆ ಮನೇಲಿ ಹುಟ್ಟಿದೋರಿಗೆ ಅದು ಆಗಲ್ಲ. ನೆಲಕ್ಕೆ ಬಿದ್ದ ಒಂದು ಅಡಿಕೇನೂ ಬಗ್ಗಿ ಎತ್ತೋ ಕೈ ಅದು. ಕಸಕ್ಕೆ ಹಾಕಾಕೆ ಮನಸ್ಸು ಬರದೆ ತಟ್ಟೆಗೆ ಸುರುವಿದ್ರು. ಇನ್ನೊಂದೈತೆ. ದರ್ಜೆ ಹೇಳೋ ಯಾರೇ ಆಗಲಿ, ಅಡಕತ್ತರಿಲಿ ಎರಡು ಹೋಳು ಮಾಡಿ ಒಳಗೆ ನೋಡದೆ ಬಾಯಿ ಬಿಡಲ್ಲ. ಇವತ್ತು ಒಂದನ್ನೂ ಕತ್ತರಿಸದೆ ಊರಿನ ಹೆಸರು ಸಮೇತ ಹೇಳಿದ್ರಲ್ಲ ಮುರುಗೇಶಪ್ಪನೋರೇ, ಹೆಂಗೆ ಗೊತ್ತಾತು?"

ಮುರುಗೇಶಪ್ಪ ತಟ್ಟೆಯಂಚಿಗೆ ಬಂದಿದ್ದ ಒಂದು ಅಡಿಕೆಯನ್ನು ಒಳಕ್ಕೆ ತಳ್ಳಿದರು.

"ಉಬ್ರಾಣಿಯಿಂದ ನಾನೇ ತಂದು ತುಂಬಿದ್ದೆ," ಎಂದರು. "ನಾನು ಕಲಬೆರಕೆ ಮಾಡಿದೋನಲ್ಲ. ಆದ್ರೆ ಆ ವರದಿ ಹೋದ್ರೆ ನಮ್ಮ ಅಡಿಕೆ ಎಲ್ಲಾನೂ ಅನುಮಾನದಲ್ಲಿ ನೋಡ್ತಾರೆ. ಊರಿನ ಹೆಸರು ಉಳಿಸಾಕೆ ಹೋದೆ."

"ಊರಿನ ಹೆಸರು ಉಳಿಸಾಕೆ ನನ್ನ ಹೆಸರು ಬೇಕಾತೇನ್ರಿ?" ಎಂದಳು ದುರ್ಗಾಂಬಿಕಾ.

ಮೇಘಶ್ರೀ ಅವಳ ನೇಮಕ ಉಳಿಸುವ ಪತ್ರ ತಯಾರು ಮಾಡಲು ಹೇಳಿದರು. ಕಲ್ಲೇಶ್ ಒಂದಕ್ಷರ ತಪ್ಪಿಲ್ಲದೆ ಟೈಪು ಮಾಡಿ ಸಹಿಗೆ ಕೊಟ್ಟ. ಸಲಹೆಗಾರರ ಪಟ್ಟಿಯಿಂದ ತಂದೆಯ ಹೆಸರು ತೆಗೆಯುವ ಪತ್ರವನ್ನೂ ಅವನೇ ಮಾಡಿದ.

ಎಲ್ಲರೂ ಎದ್ದು ಹೋದ ಮೇಲೆ ದ್ಯಾಮಮ್ಮ ಅವನ ಮೇಜಿನ ಹತ್ತಿರ ಬಂದರು.

"ನಿಮ್ಮಪ್ಪ ಕತ್ತರಿಸದೆ ಹೇಳಿದಾಗ ನೀನು ಪಕ್ಕದಲ್ಲೇ ಇದ್ದೆ. ಬೆಳಗ್ಗೇನೇ ಗೊತ್ತಾಗಿತ್ತು ಅಲ್ವೇನೋ?"

"ಹೂಂ."

"ಮತ್ಯಾಕೆ ಆ ಹುಡುಗೀನ ನನ್ನ ಹತ್ರ ಕರ್ಕಂಡು ಬಂದೆ?"

"ನನ್ನ ಬಾಯಿಂದ ಹೇಳಾಕೆ ಆಗಲಿಲ್ಲ," ಎಂದ ಕಲ್ಲೇಶ್. "ನೀವು ಹೇಳ್ತೀರಿ ಅಂತ ಗೊತ್ತಿತ್ತು."

ಹೊರಗೆ ಅವನ ತಂದೆ ಮಗನ ಬೈಕಿನ ಪಕ್ಕದಲ್ಲಿ ಕಾಯುತ್ತ ನಿಂತಿದ್ದರು. ಅವರಿಗೆ ಮನೆಗೆ ಹೋಗಲು ಬೇರೆ ಗಾಡಿ ಇರಲಿಲ್ಲ.