ದಿನ ಇನ್ನೂರ ನಲವತ್ತಮೂರರ ವಿಡಿಯೊ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ನನ್ನನ್ನು ಮದುವೆಗೆ ಕೇಳಲು ಮನೆಗೆ ಬರುತ್ತೇನೆ ಎಂದಿದ್ದ ಅಕ್ಷಿತ್ ಬರಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು, ಒಂದೂವರೆಯೂ ಆಯಿತು. ಜೆಪ್ಪಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೋಳಿಸುಕ್ಕ ತಣ್ಣಗಾಯಿತು. ಕಾರ್ಕಳದಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದ ನನ್ನ ಮಾವ ಮೂರನೆಯ ಲೋಟ ಚಾ ಮುಗಿಸಿ, "ಅವರಿಗೆ ದಾರಿ ಗೊತ್ತುಂಟಲ್ಲವಾ?" ಎಂದು ಕೇಳಿದರು. ಕೂತು ಕೂತು ನನ್ನ ಸೀರೆಯ ನೆರಿಗೆ ಮುದ್ದೆಯಾಗಿತ್ತು.

ನೀವೇ ಹೇಳಿ, ಸಿಟ್ಟು ಬರುತ್ತದೋ ಇಲ್ಲವೋ? ಬರಲಾಗದಿದ್ದರೆ ಬೇಡ, ಒಂದು ಫೋನ್ ಮಾಡಿ ಹೇಳಲಿಕ್ಕೆ ಏನು ಧಾಡಿ?

ನನ್ನ ಫೋನನ್ನು ಅಮ್ಮ ಎದ್ದ ಕೂಡಲೇ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. "ಇವತ್ತೊಂದು ದಿನ ಅದನ್ನು ಬಿಡು ಮಾರಾಯ್ತಿ. ಬಂದವರ ಎದುರು ನೀನು ಕಮೆಂಟು ಓದ್ತಾ ಕೂತ್ರೆ ಎಂತ ಚಂದ?" ಎರಡು ಗಂಟೆಗೆ ಜಗಳವಾಡಿ ಬೀಗ ತೆಗೆಸಿದೆ. ಅಕ್ಷಿತನದು ಒಂದೇ ಮೆಸೇಜು: "ವಿಡಿಯೊ ನೋಡಿದೆ. ನಿನ್ನಿಷ್ಟ."

ಯಾವ ವಿಡಿಯೊ? ನನ್ನ ಚಾನೆಲ್ ತೆರೆದೆ. 'ನಿರೀಕ್ಷಾ ಡೈಲಿ, ದಿನ 243'. ನೀಲಿ ಚೂಡಿದಾರದಲ್ಲಿ, ಮೂಗು ಕೆಂಪು ಮಾಡಿಕೊಂಡು ನಾನೇ ಹೇಳುತ್ತಿದ್ದೇನೆ: "ಇವತ್ತು ಬೆಳಿಗ್ಗೆ ಎದ್ದವಳೇ ಒಂದು ತೀರ್ಮಾನ ಮಾಡಿದೆ. ನನಗೆ ಮದುವೆ ಬೇಡ. ಕಾದು ಕಾದು ಸಾಕಾಯ್ತು. ಇನ್ನು ಯಾರಾದ್ರೂ ಕೇಳಿಕೊಂಡು ಬಂದ್ರೆ ಗೇಟಿಂದಲೇ ವಾಪಸ್ ಕಳಿಸ್ತೇನೆ."

ಕೆಳಗೆ ಒಂಬೈನೂರು ಕಮೆಂಟು. 'ಸೂಪರ್ ಅಕ್ಕ', 'ಹೆಣ್ಣು ಅಂದ್ರೆ ಹೀಗಿರಬೇಕು'. ಈ 'ಅಕ್ಕ'ನ ಮದುವೆ ಮುರಿದು ಬಿದ್ದದ್ದಕ್ಕೆ ಇಷ್ಟು ಜನ ಚಪ್ಪಾಳೆ ಹೊಡೆಯುತ್ತಿದ್ದರು!

ಈ ದಿನಕ್ಕೊಂದು ವಿಡಿಯೊ ಮಾಡುವ ಕರ್ಮ ನನಗೆ ಹೇಗೆ ಗಂಟುಬಿತ್ತೆಂದು ಹೇಳಬೇಕು. ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ಉಪ್ಪು ಕಡಿಮೆ ಮಾಡಿ ಎಂದು ರೋಗಿಗಳಿಗೆ ಗಂಟೆಗಟ್ಟಲೆ ಹೇಳಬಲ್ಲೆ. ನನ್ನ ಮನಸ್ಸಿನ ಮಾತೊಂದನ್ನು ನನ್ನವರಿಗೆ ಹೇಳಬೇಕಾದಾಗ ಮಾತ್ರ ನುಣುಚಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಡ್ಯೂಟಿಗೆ ಮೊದಲು, ಆಸ್ಪತ್ರೆಯ ಟೆರೇಸಿನಲ್ಲಿ ಫೋನನ್ನು ನೀರಿನ ಟ್ಯಾಂಕಿಗೆ ಒರಗಿಸಿ ಏಳು ನಿಮಿಷ ಮಾತಾಡಿದೆ. ಎದೆ ಹಗುರವಾಯಿತು. ಮರುದಿನವೂ ಮಾತಾಡಿದೆ.

ಆಮೇಲೆ ಅಭ್ಯಾಸವೇ ನನ್ನ ಯಜಮಾನನಾಯಿತು. ಜ್ವರ ಬಂದರೆ ಮಾತ್ರೆಗಿಂತ ಮೊದಲು 'ಇದನ್ನು ಹೇಗೆ ಹೇಳಲಿ' ಎಂಬ ಯೋಚನೆ. ಅತ್ತರೆ ಕಣ್ಣೊರೆಸುವ ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬ ಯೋಚನೆ. ಒಂದು ದಿನವೂ ತಪ್ಪಿಸಿಲ್ಲ ಎಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದೆ.

ಅದು ಸುಳ್ಳು. ಪುರುಸೊತ್ತಿಲ್ಲದ ದಿನಗಳಿಗೆಂದು ಒಂದೇ ದಿನ ಮೂರು ನಾಲ್ಕು ವಿಡಿಯೊ ಮಾಡಿಟ್ಟುಕೊಳ್ಳುತ್ತಿದ್ದೆ. ಎಲ್ಲವೂ 'ಇವತ್ತು ಬೆಳಿಗ್ಗೆ' ಎಂದೇ ಶುರು. ಇದು ಅಕ್ಷಿತನಿಗೂ ಗೊತ್ತಿರಲಿಲ್ಲ. ತಿಂಗಳ ಹಿಂದೆ ಅವನು "ಈ ಆರ್ಡರ್ ಒಂದು ಮುಗೀಲಿ, ಮತ್ತೆ ನಿಮ್ಮ ಮನೆಗೆ ಬರ್ತೇನೆ" ಎಂದು ನಾಲ್ಕನೆಯ ಸಲ ಮುಂದೂಡಿದಾಗ ಸಿಟ್ಟಿನ ಭರದಲ್ಲಿ ಈ ವಿಡಿಯೊ ಮಾಡಿದ್ದೆ. ಸಂಜೆಯೇ ರಾಜಿಯಾಯಿತು. ಹಾಕಲಿಲ್ಲ, ಅಳಿಸಲೂ ಇಲ್ಲ. ಶನಿವಾರ ಮನೆ ಒರೆಸುವ ಗಡಿಬಿಡಿಯಲ್ಲಿ, ಮರುದಿನಕ್ಕೆಂದು ಸ್ಟಾಕಿನಿಂದ ಒಂದನ್ನು ಹೆಕ್ಕಿ, ಬೆಳಿಗ್ಗೆ ಎಂಟು ಗಂಟೆಗೆ ತಾನಾಗಿ ಹೋಗುವಂತೆ ಇಟ್ಟೆ. ಅದೇ ನೀಲಿ ಚೂಡಿದಾರದಲ್ಲಿ ಬಾಳೆದಿಂಡಿನ ಬಗ್ಗೆ ಮಾಡಿದ್ದ ಇನ್ನೊಂದು ವಿಡಿಯೊ ಇತ್ತು. ಹೆಕ್ಕಬೇಕಾದದ್ದು ಅದನ್ನು.

ತಪ್ಪು ನನ್ನದು, ಒಪ್ಪಿದೆ. ಆದರೆ ಆರು ತಿಂಗಳು ತಣ್ಣೀರುಬಾವಿ ಬೀಚಿನ ಮರಳಿನಲ್ಲಿ ನನ್ನ ಕೈ ಹಿಡಿದು ನಡೆದವನು ನನ್ನನ್ನು ಬಿಟ್ಟು ಒಂದು ವಿಡಿಯೊವನ್ನು ನಂಬುವುದೇ?

ಅವನು ಸಿಕ್ಕಿದ್ದೂ ಆ ಟೆರೇಸಿನಲ್ಲೇ, ನಲವತ್ತೊಂದನೆಯ ದಿನ. ಅವನದು ಬೈಕಂಪಾಡಿಯಲ್ಲಿ ಕಬ್ಬಿಣದ ಕೆಲಸದ ಶೆಡ್ಡು. ಟ್ಯಾಂಕಿನ ಏಣಿಯ ಅಳತೆಗೆಂದು ಬಂದವನು ಟೇಪು ಹಿಡಿದುಕೊಂಡು ಸೀದಾ ನನ್ನ ವಿಡಿಯೊದೊಳಗೆ ನಡೆದುಬಂದ. "ಕಣ್ಣು ಕಾಣುವುದಿಲ್ವಾ ನಿಮಗೆ?" ಎಂದು ರೇಗಿದೆ. ಅವನು ಬಗ್ಗಿ ಫೋನಿನೊಳಗಿನ ನನ್ನನ್ನೊಮ್ಮೆ ನೋಡಿದ. ತಲೆಯೆತ್ತಿ ಹೊರಗಿನ ನನ್ನನ್ನೊಮ್ಮೆ ನೋಡಿದ. ಎರಡನೆಯ ನೋಟ ಸ್ವಲ್ಪ ಉದ್ದವಾಯಿತು. "ಹೊರಗಿನವರು ಜಾಸ್ತಿ ಜೋರುಂಟು" ಎಂದ. ನನಗೆ ನಗು ಬಂತು, ಏಳು ನಿಮಿಷದ ಮಾತೆಲ್ಲ ಮರೆತುಹೋಯಿತು.

ಅಂಥವನು 'ನಿನ್ನಿಷ್ಟ' ಎಂದು ಬರೆದು ಕೈತೊಳೆದುಕೊಂಡ. ನಾನು ವಿಡಿಯೊ ಅಳಿಸಿದೆ. ಅವನಿಗೆ ಫೋನ್ ಮಾಡಲಿಲ್ಲ. ನಾನೇಕೆ ಮಾಡಲಿ?

ಮಾವ ಊರಿಗೆ ಹೊರಟರು. "ಆ ಮನೆಯವರ ಸುದ್ದಿ ಇನ್ನು ಇಲ್ಲಿ ಬೇಡ" ಎಂದು ಅಮ್ಮ ಪಾತ್ರೆ ಕುಕ್ಕಿದರು. ಪಪ್ಪ ಮೂವತ್ತು ವರ್ಷ ಹೋಟೆಲು ನಡೆಸಿದವರು, ಮಾತು ಕಡಿಮೆ. ಹೊರಗೆ ಕೂತಲ್ಲಿಂದ ಏಳಲಿಲ್ಲ. ವಿಡಿಯೊದ ವಿಷಯ ಹೇಳಲು ಅವರೆದುರು ಎರಡು ಸಲ ಹೋಗಿ ನಿಂತೆ. ಎರಡು ಸಲವೂ ಚಾ ಬೇಕಾ ಎಂದು ಕೇಳಿ ವಾಪಸ್ ಬಂದೆ.

ಸೋಮವಾರ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಬೈಕಂಪಾಡಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ನಮ್ಮ ಜಗಳವೆಲ್ಲ ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧ ಇಳಿದಿದೆ.

ಶೆಡ್ಡಿನಲ್ಲಿ ಗ್ರೈಂಡರ್ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಅಕ್ಷಿತ್ ನನ್ನನ್ನು ನೋಡಿ ಎದ್ದು ನಿಂತ. "ನಿಂಗೆ ಮಂಡೆ ಸರಿ ಉಂಟಾ?" ಎಂದು ಶುರುಮಾಡಿದೆ. ಅವನು ಕೇಳುವುದಿಲ್ಲವೆಂದು ಕಿವಿ ತೋರಿಸಿದ. ಸ್ವರ ಏರಿಸಿದೆ. ಮತ್ತೆ ಕಿವಿ ತೋರಿಸಿದ. ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದೆ. ಅಷ್ಟರಲ್ಲಿ ಅವನ ವೆಲ್ಡರ್ ಕ್ಯಾಲ್ವಿನ್ ಗ್ರೈಂಡರ್ ನಿಲ್ಲಿಸಿಬಿಟ್ಟ.

"ನಿನ್ನನ್ನು ಬಿಟ್ಟು ಬೇರೆ ಯಾರೂ ಬೇಡ ಅಂತ ಕೂತವಳು ನಾನು, ಕತ್ತೆ!"

ಇಡೀ ಶೆಡ್ಡಿಗೆ ಕೇಳಿತು. ಕ್ಯಾಲ್ವಿನ್ ಕೈಗವಸು ಬಿಚ್ಚಿ, "ನಾನೊಂದು ಚಾ ಕುಡಿದು ಬರ್ತೇನೆ" ಎಂದು ಹೊರಗೆ ಹೋದ.

"ಹಾಗಾದ್ರೆ ಆ ವಿಡಿಯೊ ಎಂತದ್ದು?" ಅಕ್ಷಿತನ ಮುಖವೂ ಕೆಂಪಾಗಿತ್ತು. "ಅಮ್ಮ ನಿನ್ನ ವಿಡಿಯೊ ಒಂದು ದಿನ ಬಿಡುವುದಿಲ್ಲ. ಕೂಳೂರು ಸೇತುವೆ ಹತ್ತಿರ ಟ್ರಾಫಿಕ್ ಬ್ಲಾಕ್ ಇತ್ತು. ಸೊಸೆ ಇವತ್ತು ಎಂತ ಹೇಳಿದ್ದಾಳೆ ನೋಡುವ ಅಂತ ಕಾರಲ್ಲಿ ಜೋರಾಗಿ ಹಾಕಿದ್ರು. ಗೇಟಿಂದಲೇ ವಾಪಸ್ ಕಳಿಸ್ತೇನೆ ಅಂತ ಬಂತು. ಮಾವ ಹಿಂದಿನ ಸೀಟಿಂದ ಒಂದೇ ಮಾತು ಹೇಳಿದ್ದು, ಕಾರು ತಿರುಗಿಸು ಅಂತ. ಅಮ್ಮ ಮನೆವರೆಗೂ ಅತ್ರು ಗೊತ್ತುಂಟಾ?"

"ಅದು ಒಂದು ತಿಂಗಳ ಹಿಂದಿನದ್ದು! ಸ್ಟಾಕಿಂದ ತಪ್ಪಿ ಹೋದದ್ದು!"

"ಇವತ್ತು ಬೆಳಿಗ್ಗೆ ಅಂತ ನೀನೇ ಹೇಳಿದ್ದಿ."

"ಎಲ್ಲರೂ ಹಾಗೇ ಹೇಳುದು ಮಾರಾಯ."

"ನೀನು ಎಲ್ಲರ ಹಾಗೆ ಅಂತ ನಂಗೆ ಗೊತ್ತಿರ್ಲಿಲ್ಲ."

ಅದು ಸರಿಯಾಗಿ ತಾಗಿತು. ಆದರೂ ಬಿಡಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?"

ಅವನು ಬಟ್ಟೆಯ ತುಂಡಿನಲ್ಲಿ ಕೈ ಒರೆಸಿಕೊಂಡ, ಒರೆಸುತ್ತಲೇ ಇದ್ದ.

"ನಿಂಗೆ ಡೆಂಗ್ಯೂ ಆದದ್ದು ನಂಗೆ ಯಾವಾಗ ಗೊತ್ತಾದ್ದು? ದಿನ ನೂರ ಹನ್ನೆರಡರಲ್ಲಿ. ನಿನ್ನ ಕೆಲಸ ಪರ್ಮನೆಂಟ್ ಆದದ್ದು? ದಿನ ನೂರ ಅರವತ್ತು. ನಾನಂದ್ರೆ ಇಷ್ಟ ಅಂತ ನೀನು ಮೊದಲ ಸಲ ಹೇಳಿದ್ದು? ಅದೂ ದಿನ ಎಪ್ಪತ್ತೆಂಟು, ಹೆಸರು ಹೇಳದೆ, ನಲ್ವತ್ತು ಸಾವಿರ ಜನರ ಎದುರು. ನಿನ್ನ ದೊಡ್ಡ ವಿಷಯ ಒಂದೂ ನಿನ್ನ ಬಾಯಿಂದ ನಂಗೆ ಬರ್ಲಿಲ್ಲ ನಿರೀಕ್ಷಾ. ಇದೂ ಹಾಗೇ ಬಂತು ಅಂತ ತಿಳ್ಕೊಂಡೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಡೆಂಗ್ಯೂ ಆದಾಗ ಅವನು ಆಸ್ಪತ್ರೆಗೆ ಓಡಿಬಂದದ್ದು ನೆನಪಾಯಿತು. ಆಗ ಅವನಿಗೆ ಯಾರು ಹೇಳಿದರೆಂದು ನಾನು ಯೋಚಿಸಿಯೇ ಇರಲಿಲ್ಲ.

"ಅಲ್ಲಿ ಸುಲಭ" ಎಂದೆ. ಸ್ವರ ಸಣ್ಣಗಾಗಿತ್ತು. "ಅಲ್ಲಿ ಮಾತಾಡುವಾಗ ಯಾರೂ ನನ್ನ ಮುಖ ನೋಡ್ತಾ ಇರುದಿಲ್ಲ."

"ಈಗ ನಾನು ನೋಡ್ತಾ ಇದ್ದೇನೆ."

"ನೋಡ್ಬೇಡ."

ಅವನು ಆಜ್ಞೆ ಪಾಲಿಸುವವನಂತೆ ತಲೆ ಬಗ್ಗಿಸಿದ. ಕಣ್ಣು ಮಾತ್ರ ರೆಪ್ಪೆಯಡಿಯಿಂದ ಮೇಲೆ ಬಂದು, ನನ್ನ ಗಲ್ಲದವರೆಗೆ ತಲುಪಿ, ಸಿಕ್ಕಿಬಿದ್ದದ್ದು ತಿಳಿದು ಕೆಳಗೆ ಹೋಯಿತು. ಮೀಸೆಯ ತುದಿಯಲ್ಲಿ ಕಬ್ಬಿಣದ ಹುಡಿ ಕೂತಿತ್ತು. ಒರೆಸಬೇಕೆನಿಸಿತು. ಒರೆಸಿದೆ.

"ನೀನಂದ್ರೆ ನಂಗೆ ತುಂಬ ಇಷ್ಟ. ಭಾನುವಾರ ನೀನು ಬರದೇ ಇದ್ದದ್ದಕ್ಕೆ ತುಂಬ ನೋವಾಯ್ತು. ನೀನಿಲ್ಲದಿದ್ರೆ ನಂಗೆ ಆಗುದಿಲ್ಲ" ಎಂದೆ. "ಆದ್ರೂ ನೀನು ಫೋನ್ ಮಾಡ್ಬೇಕಿತ್ತು."

"ಮಾಡ್ಬೇಕಿತ್ತು."

"ಜೋರಾಗಿ ಹೇಳು."

"ತಪ್ಪಾಯ್ತು ಮಾರಾಯ್ತಿ!"

"ಇದನ್ನೇ ಬಂದು ಪಪ್ಪನ ಹತ್ತಿರ ಹೇಳು. ಈಗಲೇ."

ಅವನು ತನ್ನ ಗ್ರೀಸು ಮೆತ್ತಿದ ಅಂಗಿ ನೋಡಿಕೊಂಡ. "ಹೀಗೇ?"

"ಹೀಗೇ."

ಸಂಜೆ ಐದೂವರೆಗೆ ಪಪ್ಪ ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ಅಕ್ಷಿತ್ ಚಪ್ಪಲಿ ಬಿಟ್ಟು ಎದುರು ನಿಂತ. "ಅಂಕಲ್, ನಿನ್ನೆ ಬರದೇ ಇದ್ದದ್ದು ನಂದು ದೊಡ್ಡ ತಪ್ಪು. ಒಂದು ಫೋನ್ ಕೂಡ ಮಾಡ್ಲಿಲ್ಲ." ಅಮ್ಮ ಒಳಗಿನಿಂದ ಬಂದವರು ಬಾಗಿಲಲ್ಲೇ ನಿಂತರು. ನಾನು ವಿಡಿಯೊದ ಕಥೆಯನ್ನು, ಸ್ಟಾಕಿನ ಸುಳ್ಳನ್ನೂ ಅಕ್ಷಿತನ ಅಮ್ಮ ಅತ್ತದ್ದನ್ನೂ ಸೇರಿಸಿ, ತಡವರಿಸುತ್ತ ಹೇಳಿದೆ.

ಪಪ್ಪ ಪೇಪರ್ ಮಡಚಿದರು.

"ನಾನೂ ನೋಡಿದೆ" ಎಂದರು. "ನಿನ್ನೆ ಎಂಟು ಗಂಟೆಗೆ. ದಿನಾ ನೋಡ್ತೇನೆ."

ಪಪ್ಪನ ಫೋನಿನಲ್ಲಿ ನನ್ನ ಚಾನೆಲ್ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಮಗಳಿಗೆ ಬೇಡದ್ದು ನಮಗೂ ಬೇಡ ಅಂತ ತೀರ್ಮಾನ ಮಾಡಿದೆ. ಅವರು ಬಂದ್ರೆ ನಿನ್ನನ್ನು ಕರೀದೆ ನಾನೇ ಸಮಾಧಾನ ಹೇಳಿ ಕಳಿಸುವ ಅಂತ ಬೆಳಿಗ್ಗೆಯಿಂದ ಹೊರಗೆ ಕೂತಿದ್ದೆ. ನೀನು ಒಂದು ಸಲ ಬಂದು ಹೇಳ್ತಿ ಅಂತಲೂ ಕಾದೆ." ಪಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಊರಿಗೆಲ್ಲ ಹೇಳ್ತಿ. ನಂಗೆ ಯಾಕೆ ಹೇಳುದಿಲ್ಲ ಮಗಾ? ನಾನು ಬೈದದ್ದುಂಟಾ ಯಾವತ್ತಾದರೂ?"

ಇಲ್ಲ. ಒಂದು ಸಲವೂ ಇಲ್ಲ. ನನಗೆ ಅಳು ಬಂತು. ಅತ್ತುಬಿಟ್ಟೆ.

"ಈಗ ಹೇಳು. ಇವನು ನಿಂಗೆ ಬೇಕಾ?"

ಬೇಕು ಎನ್ನುವುದು ಎಷ್ಟು ಸಣ್ಣ ಮಾತು! ಅದನ್ನು ಹೇಳುವ ಬದಲು ಕಣ್ಣೊರೆಸುತ್ತ ನಿಂತೆ. ಅಮ್ಮ ಸೆರಗು ಬಾಯಿಗಿಟ್ಟು ಕಾಯುತ್ತಿದ್ದರು. ಅಕ್ಷಿತ್ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ, ತುಟಿ ಅಲುಗಿಸದೆ ಪಿಸುಗುಟ್ಟಿದ: "ಎಂತ, ರೀಟೇಕಾ?"

ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಬಂತು.

"ಬೇಕು ಪಪ್ಪ! ಇವನೇ ಬೇಕು! ಮಂಡೆ ಇಲ್ಲ, ಫೋನ್ ಮಾಡ್ಲಿಕ್ಕೆ ಬರುದಿಲ್ಲ, ಆದ್ರೂ ಇವನೇ ಬೇಕು!"

ಅಮ್ಮ ಗೊಳ್ಳೆಂದು ನಕ್ಕರು. ಪಪ್ಪ ನಗಲಿಲ್ಲ. ಕನ್ನಡಕ ಹಾಕಿಕೊಂಡು ಎದ್ದು ಅಕ್ಷಿತನ ಹೆಗಲು ತಟ್ಟಿದರು.

"ನಿನ್ನ ಅಮ್ಮ ಈಗ ಮನೆಯಲ್ಲಿದ್ದಾರಾ?"

"ಇದ್ದಾರೆ ಅಂಕಲ್."

"ಹಾಗಾದ್ರೆ ಇವತ್ತು ನಾವು ಬರ್ತೇವೆ. ದಾರಿಯಿಂದಲೇ ಅಳಿಸಿ ಕಳಿಸಿದವರನ್ನು ಪುನಃ ಇಲ್ಲಿಗೆ ಬನ್ನಿ ಅನ್ಲಿಕ್ಕೆ ನಂಗೆ ಮುಖ ಇಲ್ಲ."

ಹೆಣ್ಣಿನ ಕಡೆಯವರೇ ಮೊದಲು ಗಂಡಿನ ಮನೆ ಮೆಟ್ಟಿಲು ಹತ್ತುವ ಪದ್ಧತಿ ನಮ್ಮಲ್ಲಿಲ್ಲ. "ನೋಡಿದವರು ಎಂತ ಹೇಳ್ಲಿಕ್ಕಿಲ್ಲ?" ಎಂದು ಅಮ್ಮ ಕೇಳುವಷ್ಟರಲ್ಲಿ ಪಪ್ಪ ಅಂಗಿ ಬದಲಿಸಲು ಒಳಗೆ ಹೋಗಿಯಾಗಿತ್ತು.